ಪೋಪ್ ಸುಮ್ಮನಿದ್ದ, ನಾನೂ ಸುಮ್ಮನಿದ್ದೆ

"ಡ್ಯಾಡ್, ವೈ ವಾಸ್ ದ ಪೋಪ್ ಸೋ ಕ್ವಯಟ್?"

ಶುಕ್ರವಾರ ಸಂಜೆ ಊಟಕ್ಕೆ ಕೂತಾಗ ಮಗಳು ಕೇಳಿದಳು.

ಹದಿನೈದರ ಈ ಹುಡುಗಿ ಓದುವುದು ಇಲ್ಲೇ ಇಂಗ್ಲೆಂಡಿನ ಸೊಲಿಹಲ್‌ನ ಕ್ಯಾಥೊಲಿಕ್ ಶಾಲೆಯಲ್ಲಿ. (ಮನೆಯಲ್ಲಿ ಲಿಂಗಪೂಜೆ, ಶಾಲೆಯಲ್ಲಿ ಏಸುಪ್ರಾರ್ಥನೆ. ರಿಸಲ್ಟ್ ಚೆನ್ನಾಗಿದ್ದರೆ ನಮ್ಮವರಿಗೆ ಎಲ್ಲ ದೇವರೂ ಒಂದೇ!) ಸೋಮವಾರ ಅವಳ ಡಿಬೇಟ್. ಎರಡನೇ ಮಹಾಯುದ್ಧದಲ್ಲಿ ಯಹೂದಿಗಳ ಕೊಲೆ ನಡೆಯುತ್ತಿದ್ದಾಗ ಪೋಪ್ ನಾಜಿಗಳ ಹೆಸರೆತ್ತಿ ಖಂಡಿಸಲಿಲ್ಲವಲ್ಲ, ಅದು ಸರಿಯೇ? ಸರಿ ಎಂದು ವಾದಿಸುವ ಕರ್ಮ ಇವಳದು.

"ಮೊದಲನೇ ಯುದ್ಧದ ಪೋಪ್ ಶಾಂತಿ ಅಂದ. ನೀನು ಆ ಕಡೆಯವನು ಅಂತ ಎರಡೂ ಕಡೆಯವರು ಬೈದರು. ಇವನು ಅದನ್ನು ನೋಡಿದ್ದನಲ್ಲ, ಪಾಪ" ಎಂದೆ. ನನ್ನ ಕನಿಕರಕ್ಕೆ ಕಾರಣವಿತ್ತು.

ನಮ್ಮ ಮನೆಯಲ್ಲೂ ಯುದ್ಧ. ಧಾರವಾಡದಿಂದ ಆರು ತಿಂಗಳಿಗೆಂದು ಬಂದ ಅವ್ವ ಮನೆಯ ಹೀಟಿಂಗನ್ನು ಇಪ್ಪತ್ಮೂರು ಡಿಗ್ರಿಗೆ ಏರಿಸುತ್ತಾಳೆ. ಡಾಕ್ಟರಾದ ನನ್ನ ಹೆಂಡತಿ ಕ್ಲಿನಿಕ್‌ನಿಂದ ಬಂದವಳೇ ಹದಿನೆಂಟಕ್ಕೆ ಇಳಿಸುತ್ತಾಳೆ. ಇಬ್ಬರ ನಡುವೆ ಮಾತು ನಿಂತು ವಾರವಾಗಿತ್ತು. "ನನ್ನ ಟಿಕೆಟ್ ಮಾಡ್ಸಪಾ, ಈ ಥಂಡ್ಯಾಗ ಸಾಯೂದಕ್ಕಿಂತ ನಮ್ಮೂರೇ ಚಲೋ" ಎಂದು ಅವ್ವ ಬ್ಯಾಗು ತುಂಬತೊಡಗಿದ್ದಳು. ನಾನು? "ಇಬ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಎರಡೂ ಕಡೆ ಬೈಸಿಕೊಂಡು ತೆಪ್ಪಗಾಗಿದ್ದೆ.

(ಅಲ್ಲಿ ಲಕ್ಷಾಂತರ ಜೀವ, ಇಲ್ಲಿ ಐದು ಡಿಗ್ರಿ. ಹೋಲಿಕೆ ಅತಿಯಾಯಿತು, ಬೈಯಬೇಡಿ.)

ಆದರೂ ಪೋಪನ ಕಡೆಯವರು ಸನ್ಯಾಸಿನಿಯರ ಕಾನ್ವೆಂಟುಗಳಲ್ಲಿ ಎಷ್ಟೋ ಯಹೂದಿಗಳನ್ನು ಗುಟ್ಟಾಗಿ ಬಚ್ಚಿಟ್ಟು ಉಳಿಸಿದರೆಂದು ಮಗಳೇ ಓದಿ ಹೇಳಿದಳು. ಆಮೇಲೆ ಅವಳದೇ ಅನುಮಾನ: "ಬಟ್ ಇಫ್ ನೋಬಡಿ ನೋಸ್, ಡಸ್ ಇಟ್ ಕೌಂಟ್?"

ಕೌಂಟ್ ಆಗದೆ ಏನು! ನಾನೂ ದಿನಾ ಸಂಜೆ ಯಾರಿಗೂ ಹೇಳದೆ ಅವ್ವನ ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟು ಬರುತ್ತಿದ್ದೆ. ಹೆಂಡತಿಗೆ ಗೊತ್ತಾದರೆ ಪಕ್ಷಾಂತರ ಅಂದುಕೊಂಡಾಳೆಂಬ ಭಯ.

ಶನಿವಾರ ಬೆಳಿಗ್ಗೆ ಕೆಳಗಿಳಿದು ಬಂದರೆ, ಅವ್ವ ಹೆಂಡತಿಯ ಕೈ ಹಿಡಿದು ಕೂತಿದ್ದಾಳೆ!

"ಬಾಯಿಲೆ ಜಗಳಾಡಿದ್ರೂ ದಿನಾ ನನ್ನ ಹಾಸಿಗ್ಯಾಗ ಬಿಸಿನೀರಿನ ಚೀಲ ಇಡ್ತಿದ್ದಿಯಲ್ಲಾ ನನ್ನವ್ವ! ನಾ ಎಲ್ಲೂ ಹೋಗಂಗಿಲ್ಲ. ಇಂವಾ ಅದಾನಲ್ಲ, ಹೊಟ್ಟ್ಯಾಗ ಹುಟ್ಟಿದಾಂವ, ಒಂದ್ ದಿನಾನೂ ನನ್ನ ಪರವಾಗಿ ಬಾಯಿ ಬಿಡಲಿಲ್ಲ."

ಹೆಂಡತಿ ನನ್ನ ಮುಖ ನೋಡಿದಳು. ಚೀಲ ಇಟ್ಟವರು ಯಾರೆಂದು ಅವಳಿಗೆ ತಕ್ಷಣ ಹೊಳೆಯಿತು. ಅತ್ತೆಯ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, ತುಟಿ ಪಿಟಕ್ಕೆನ್ನದೆ ಕೂತಳು.

ನೀವೇ ಹೇಳಿ, ಈಗ ನಾನು ಬಾಯಿ ಬಿಡಲೇ?