ಪೈಪಿಲ್ಲದ ಒಲೆ

ಹೋದ ತಿಂಗಳು ಇದೇ ಜಾಗದಲ್ಲಿ ನಾನೊಂದು ಸೌದೆ ಒಲೆಯನ್ನು ಬಾಯ್ತುಂಬ ಹೊಗಳಿ ಬರೆದಿದ್ದೆ. ನೆನಪಿದೆಯಾ? ಅದನ್ನು ಓದಿ ನಿಮ್ಮಲ್ಲಿ ಯಾರಾದರೂ ಅಂಥದ್ದೊಂದನ್ನು ತಂದು ರೂಮಿನೊಳಗೆ ಇಟ್ಟುಕೊಂಡಿದ್ದರೆ ದಯವಿಟ್ಟು ಈ ಪೇಪರನ್ನು ಪಕ್ಕಕ್ಕಿಡಿ. ಹೋಗಿ ಒಲೆಯನ್ನು ಹೊರಗೆ ಹಾಕಿ. ಕಿಟಕಿ ತೆಗೆಯಿರಿ. ಆಮೇಲೆ ಬಂದು ಮುಂದಕ್ಕೆ ಓದಿ.

ನಾನು ಕಾಯುತ್ತೇನೆ.

ಆ ಒಲೆ ಬಂದದ್ದು ನನ್ನ ತಂಗಿ ಸುಮಾಳ ಬಾಣಂತನಕ್ಕೆ. ನಮಗೆ ಅಮ್ಮ ಇಲ್ಲ. ಅವಳಿಗೆ ತವರು ಅಂದರೆ ನಾನೇ. (ನಾನು ಅಂದರೆ ಏಳನೇ ಕ್ಲಾಸು, ಒಂದು ಹೊಲಿಗೆ ಮೆಷಿನ್ನು, ವಾರಕ್ಕೊಂದು ಈ ಅಂಕಣ. ಹಳೆಯ ಓದುಗರಿಗೆ ಗೊತ್ತು.) ಚಿಕ್ಕಲಸಂದ್ರದಲ್ಲಿ ನನ್ನದು ಟೆರೇಸಿನ ಮೇಲಿನ ಶೀಟಿನ ಮನೆ. ಒಂದು ರೂಮು, ಒಂದು ಅಡುಗೆಮನೆ. ಬೇಸಿಗೆಯಲ್ಲಿ ಕಾದ ಹೆಂಚು, ಚಳಿಗಾಲದಲ್ಲಿ ಫ್ರಿಜ್ಜು. ರೂಮ್ ಹೀಟರ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಹಸಿ ಬಾಣಂತಿಯನ್ನು ಅಲ್ಲಿ ಹೇಗೆ ಮಲಗಿಸುವುದು?

ಸಿದ್ದಾಪುರದಲ್ಲಿ ಗ್ರಿಲ್ಲು, ಗೇಟು ಮಾಡುವ ಅಂಗಡಿಯೊಂದರಲ್ಲಿ ಸಣ್ಣ ಸೌದೆ ಒಲೆಗಳನ್ನೂ ಮಾಡಿ ಇಟ್ಟಿರುತ್ತಾರೆ. ಅಲ್ಲಿಗೆ ಹೋದೆವು. ನನ್ನ ಜೊತೆ ಸುಮಾಳ ಅತ್ತೆ ಪುಟ್ಟಮ್ಮ. ಸೊಸೆಯ ಬಾಣಂತನಕ್ಕೆ ಕೈ ಜೋಡಿಸೋಣ ಅಂತ ಅರೆಕೆರೆಯಿಂದ ಬಂದಿದ್ದ ಹೆಂಗಸು.

ಅಂಗಡಿಯವನು ಎರಡು ಒಲೆ ತೋರಿಸಿದ.

"ಇದು ಪೈಪ್ ಇರೋದು ಅಕ್ಕಾ. ಶೀಟಲ್ಲಿ ತೂತು ಹೊಡೀಬೇಕಾಗುತ್ತೆ. ಇದಕ್ಕೆ ಪೈಪಿಲ್ಲ. ಹೊರಗಡೆ ಹಚ್ಚಿ, ಹೊಗೆಯೆಲ್ಲಾ ಹೋದ್ಮೇಲೆ ಕೆಂಡದ ಸಮೇತ ಒಳಗಿಟ್ಕೊಳಿ. ಏನೂ ಆಗಲ್ಲ."

"ಪೈಪ್ ಇರೋದೇ ತಗೊಳಮ್ಮ," ಅಂದರು ಪುಟ್ಟಮ್ಮ. "ಕೆಂಡಕ್ಕೂ ಗಾಳಿ ಬೇಕು, ಬಾಣಂತಿಗೂ ಗಾಳಿ ಬೇಕು."

"ಬಿಸಿಯೆಲ್ಲಾ ಪೈಪಲ್ಲೇ ಹೊರಗೋಗುತ್ತಲ್ಲಮ್ಮಾ. ನಾನೇನು ಇಡೀ ಚಿಕ್ಕಲಸಂದ್ರಕ್ಕೆ ಬಾಣಂತನ ಮಾಡ್ಬೇಕಾ?"

ಅಂಗಡಿಯವನು ನಕ್ಕ. ಪುಟ್ಟಮ್ಮನೂ ನಕ್ಕುಬಿಟ್ಟರು. ನಗಿಸಿದವಳೇ ಗೆದ್ದಳು. ಆ ಮಾತನ್ನು ಅಂಕಣಕ್ಕೂ ಹಾಕಿದೆ, ನಿಮ್ಮಲ್ಲಿ ಎಷ್ಟೋ ಜನ ಸಖತ್ತಾಗಿದೆ ಅಂತ ಮೆಸೇಜ್ ಮಾಡಿದಿರಿ. ನಿಜ ಏನು ಗೊತ್ತಾ? ಶೀಟಿಗೆ ತೂತು ಹೊಡೆಯಬೇಕೆಂದರೆ ಮನೆ ಓನರನ್ನು ಕೇಳಬೇಕಿತ್ತು. ಟೆರೇಸಿನಲ್ಲಿ ಮಗುವಿನ ಬಟ್ಟೆ ಒಣಹಾಕಿದ್ದಕ್ಕೇ ಅವರು ಮುಖ ಸಿಂಡರಿಸಿದ್ದರು. ಮತ್ತೆ ಹೋಗಿ ಅವರ ಮುಂದೆ ನಿಲ್ಲಲು ನನಗೆ ಇಷ್ಟವಿರಲಿಲ್ಲ. ಅಷ್ಟೇ.

ಒಲೆ ಮನೆಗೆ ಬಂತು. ಜೊತೆಗೆ ಕಿಟಕಿ ಜಗಳವೂ ಬಂತು.

ಕೆಂಡದ ಒಲೆಯನ್ನು ಒಳಗಿಟ್ಟ ಕೂಡಲೇ ಪುಟ್ಟಮ್ಮ ಕಿಟಕಿಯನ್ನು ಒಂದಿಷ್ಟು ತೆಗೆಯುತ್ತಿದ್ದರು. ಹಿಂದೆಯೇ ನಾನು ಹೋಗಿ ಮುಚ್ಚುತ್ತಿದ್ದೆ. ಬಾಣಂತಿಗೆ ಗಾಳಿ ಸೋಕಬಾರದು ಅಂತ ನನ್ನಮ್ಮ ಹೇಳಿಕೊಟ್ಟಿದ್ದಳು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೈಗೆ ಕಂಬಳಿ. ಅಷ್ಟೂ ಮಾಡಿ ಕಿಟಕಿ ತೆಗೆದಿಟ್ಟರೆ ಏನು ಬಂತು?

"ನೀವಿಬ್ರೂ ಆ ಕಿಟಕಿಗೊಂದು ಟೈಮ್‌ಟೇಬಲ್ ಹಾಕ್ಬಿಡಿ," ಅಂತ ಸುಮಾ ಮಲಗಿದಲ್ಲೇ ನಗುತ್ತಿದ್ದಳು.

"ಒಂಚೂರು ತೆಗ್ದಿರ್ಲಿ ಕಣಮ್ಮ," ಅಂತ ಪುಟ್ಟಮ್ಮ ಒಂದು ದಿನ ಪಟ್ಟು ಹಿಡಿದರು. ನನಗೆ ರೇಗಿತು.

"ನಾಳೆ ಸೊಂಟ ಹಿಡ್ಕೊಂಡು ಒದ್ದಾಡೋಳು ನನ್ನ ತಂಗಿ. ನಿಮಗೇನು, ಸೊಸೆ ತಾನೆ!"

ಪುಟ್ಟಮ್ಮ ಮಾತ್ರ ಕಿಟಕಿ ತೆಗೆಯುವುದನ್ನು ಬಿಡಲಿಲ್ಲ.

ಆ ದಿನ ಬೆಳಿಗ್ಗೆ ಸುಮಾಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬೆವರಲಿ ಅಂತ ಕಂಬಳಿ ಹೊದಿಸಿ ಮಲಗಿಸಿದೆವು. ಪುಟ್ಟಮ್ಮ ಕೆಂಡದ ಒಲೆ ತಂದಿಟ್ಟರು. ಕಿಟಕಿ ತೆಗೆದರು. ಮಗುವಿಗೆ ಎಳೆಬಿಸಿಲು ಕಾಯಿಸಲು ಎತ್ತಿಕೊಂಡು ಟೆರೇಸಿನ ಆ ತುದಿಗೆ ಹೋದರು. ನಾನು ಕೆಳಗಿರುವ ನನ್ನ ಹೊಲಿಗೆ ಅಂಗಡಿಗೆ ಹೊರಟವಳು ರೂಮಿಗೆ ಇಣುಕಿದೆ. ಕಿಟಕಿ ತೆರೆದಿತ್ತು. ಬಾಯಲ್ಲಿ ಹೇಳಿದ್ದು ಸಾಲದು ಅನ್ನಿಸಿತು. ಮುಚ್ಚಿ ಚಿಲಕ ಹಾಕಿದೆ. ಸಂದಿಗೆಲ್ಲ ಬ್ಲೌಸ್ ಪೀಸಿನ ಚೂರುಗಳನ್ನು ತುರುಕಿದೆ. ಬಾಗಿಲ ಕೆಳಗೂ ಒಂದು ಹಳೆಯ ಲಂಗ ಒತ್ತಿದೆ. ಈಗ ತೆಗೀಲಿ ನೋಡೋಣ!

ಅಂಗಡಿಯಲ್ಲಿ ಒಬ್ಬರ ಅಳತೆ ತೆಗೆಯುತ್ತಿದ್ದಾಗ ಪುಟ್ಟಮ್ಮ ಕೂಗಿದ್ದು ಕೇಳಿಸಿತು. ಮಗುವಿಗೆ ಹಾಲು ಕುಡಿಸಲು ಒಳಗೆ ಹೋದರೆ ಸುಮಾ ಏಳುತ್ತಿಲ್ಲ. ಓಡಿ ಮೇಲೆ ಬಂದೆ. ಮೊದಲು ಮಾಡಿದ ಕೆಲಸ ಏನು ಗೊತ್ತಾ? ತಂಗಿಯನ್ನು ಮುಟ್ಟಲಿಲ್ಲ. ಕಿಟಕಿ ತೆಗೆದೆ. ಗಾಳಿ ಬರಲಿ ಅಂತ ತೆಗೆದೆ ಅಂದುಕೊಂಡಿರುತ್ತೀರಿ. ಹೌದು. ಆದರೆ ಬಿದ್ದ ಬಟ್ಟೆ ಚೂರುಗಳನ್ನು ಬಾಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲ ಬಳಿಯ ಲಂಗವನ್ನು ಮೂಲೆಗೆ ಎಸೆದೆನಲ್ಲ, ಅದು ಯಾವ ಗಾಳಿಗೆ?

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ, ಮುಚ್ಚಿದ ರೂಮಿನಲ್ಲಿ ನಿದ್ದೆಯಲ್ಲೇ ಸಾಯುತ್ತಾರೆ ಅಂದರು ಡಾಕ್ಟರಮ್ಮ. ಮಗು ಅಜ್ಜಿಯ ಜೊತೆ ಹೊರಗಿದ್ದದ್ದಕ್ಕೆ ಉಳಿಯಿತು ಅಂತಲೂ ಅಂದರು.

"ಕಿಟಕಿ ಮುಚ್ಚಿದ್ಯಾರು?" ಅಂತ ಕೇಳಿದರು.

ಸುಮಾಳ ಗಂಡ ನಾಗೇಶ ತನ್ನ ತಾಯಿಯ ಕಡೆ ತಿರುಗಿದ. "ಒಲೆ ಇಟ್ಟಿದ್ದು ನೀನೇ ತಾನೆ?"

"ಹೂ ಕಣೋ. ಕಿಟಕಿ ತೆಗ್ದೇ ಹೋಗಿದ್ನಲ್ಲ."

"ಸರಿಯಾಗಿ ನೆನಪು ಮಾಡ್ಕೊ ಅಮ್ಮ."

"ತೆಗ್ದಿದ್ದೆ… ತೆಗ್ದಿದ್ದೆ ಅನ್ಸುತ್ತೆ."

ಪುಟ್ಟಮ್ಮ ನನ್ನ ಮುಖ ನೋಡಿದರು. ನಾಗೇಶನೂ ನೋಡಿದ. "ಅಕ್ಕ, ನೀವು ಹೊರಟಾಗ ಹೆಂಗಿತ್ತು?"

"ನಾನು ನೋಡ್ಲಿಲ್ಲ," ಅಂದೆ.

ಸುಮಾ ಬದುಕಿದಳು. ಆದರೆ ಕೈ ನಡುಗುತ್ತದೆ. ಮಾತಿನ ಮಧ್ಯೆ ಪದ ಸಿಗದೆ ನಿಲ್ಲುತ್ತಾಳೆ. ಸರಿಹೋಗಬಹುದು, ಟೈಮ್ ಬೇಕು ಅನ್ನುತ್ತಾರೆ ಡಾಕ್ಟರು. ಡಿಸ್ಚಾರ್ಜ್ ಮಾಡಿಸಿ ಅವಳನ್ನು ಅರೆಕೆರೆಗೆ ಕರೆದುಕೊಂಡು ಹೋದರು. ನಾನು ನೋಡಲು ಹೋಗುತ್ತಿದ್ದೆ, ಸೇಬು ಹಣ್ಣು ತೆಗೆದುಕೊಂಡು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಎಲ್ಲರೂ ನನಗೇ ಸಮಾಧಾನ ಹೇಳಿದರು!

ಮೊನ್ನೆ ಹೋದಾಗ ಮಗು ಚಾಪೆಯ ಮೇಲೆ ಅಳುತ್ತಿತ್ತು. ಪುಟ್ಟಮ್ಮ ಪಕ್ಕದಲ್ಲೇ ಕೂತಿದ್ದರು. ಎತ್ತಿಕೊಳ್ಳಲಿಲ್ಲ. "ಸುಮಾ, ಮಗು ಅಳ್ತೈತೆ," ಅಂತ ಕೂಗಿದರು.

"ಎತ್ಕೊಳಿ ಅಮ್ಮಾ," ಅಂದೆ.

"ಬ್ಯಾಡ ಕಣಮ್ಮ. ನಂಗೆ ಮರೆವು ಶುರುವಾಗೈತಂತೆ. ಎಲ್ಲಿಟ್ಟು ಏನು ಮಾಡ್ತೀನೋ."

ಅಡುಗೆಮನೆಗೆ ಎದ್ದು ಹೋದರು. ಗ್ಯಾಸಿನ ನಾಬ್ ತಿರುಗಿಸಿ ನೋಡಿದರು. ಮತ್ತೆ ನೋಡಿದರು. ನನ್ನನ್ನು ಕರೆದರು. "ಆಫ್ ಆಗೈತಾ ನೋಡಮ್ಮ, ನಂಗೆ ನಂಬಿಕೆ ಇಲ್ಲ."

ಮರೆವಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ ಅಂತ ನಾಗೇಶ ಮೆಲ್ಲಗೆ ಹೇಳಿದ.

ತಂಗಿಯ ಜೀವಕ್ಕೆ ಕುತ್ತು ತಂದದ್ದು ತಿಳಿಯದೆ. ಈ ಹೆಂಗಸಿನ ತಲೆಯನ್ನು ಹಾಳು ಮಾಡುತ್ತಿರುವುದು? ಅದು ತಿಳಿದೂ ತಿಳಿದೂ, ದಿನಾ.

ಅಲ್ಲೇ ನಿಂತು ಹೇಳಿಬಿಟ್ಟೆ. ಮುಚ್ಚಿದ್ದು, ತುರುಕಿದ್ದು, ಬಾಚಿ ಬಚ್ಚಿಟ್ಟಿದ್ದು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಎಲ್ಲ.

ಸುಮಾ ನನ್ನನ್ನೇ ನೋಡುತ್ತಿದ್ದಳು. "ಅಕ್ಕ… ಅದನ್ನ… ನೀನು ಅದನ್ನ…" ಅಂತ ಗೋಡೆಯ ಕಡೆ ಕೈ ತೋರಿಸಿದಳು. ಪದ ಸಿಗಲಿಲ್ಲ.

"ಕಿಟಕಿ," ಅಂತ ನಾನೇ ಹೇಳಿಕೊಟ್ಟೆ.

ನಾಗೇಶ ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡ ಅಂದರೆ ಮಗು ಬೆಚ್ಚಿ ಇನ್ನೂ ಜೋರಾಗಿ ಅತ್ತಿತು.

ಪುಟ್ಟಮ್ಮ ಬೈಯಲಿ ಅಂತ ಕಾದೆ. ಕಪಾಳಕ್ಕೆ ಹೊಡೆಯಲಿ ಅಂತಲೂ ಕಾದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಪರೀಕ್ಷೆಯ ರಿಸಲ್ಟ್ ಕೇಳುವವರ ಹಾಗೆ, ಹೆದರಿ ಹೆದರಿ ಕೇಳಿದರು:

"ಹಂಗಾದ್ರೆ ನಂಗೆ ಮರೆವಿಲ್ವೇನಮ್ಮಾ?"