ಬಾವಿ ನೀರಿಗೆ ಪನ್ನೀರು

ಗೆಳತಿಯರೇ, ಇವತ್ತು ಸೌದಿಯ ಹಾಯಿಲ್‌ನ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಬಾವಿ ನೀರು ಗಮಗಮಿಸಿತು! ತೋಟದ ಮನೆಯ ಮಗುವೊಂದಕ್ಕೆ ಭೇದಿ ನಿಲ್ಲುತ್ತಿಲ್ಲ. ಬಾವಿ ಕೆಟ್ಟಿದೆಯೋ ಎಂದು ನಾನು ಪರೀಕ್ಷಿಸಬೇಕಿತ್ತು. ಬಾಟಲಿಯ ಮುಚ್ಚಳ ತೆಗೆದರೆ ಗುಲಾಬಿ ಪರಿಮಳ. ನನ್ನದೇ ಸೆಂಟಿರಬಹುದೆಂದು ಮೊದಲು ನನ್ನ ತೋಳನ್ನೇ ಮೂಸಿದೆ.

ನೀರು ತಂದ ಡ್ರೈವರ್, ಉಪ್ಪಿನಂಗಡಿಯ ಇಬ್ರಾಹಿಂರನ್ನು ಕರೆದೆ. "ಎಂತ ಮಾರಾಯ್ರೆ ಇದು?"

"ನೀರು ಯಾರಿಗೆ ಅಂತ ಆ ಮನೆಯ ಅಜ್ಜಿ ಕೇಳಿದ್ರು ಮೇಡಂ. ಡಾಕ್ಟ್ರಮ್ಮ ನೋಡ್ತಾರೆ, ತಶ್ರಬ್ ಅಂದೆ."

"ಅರಬಿಯಲ್ಲಿ ತಶ್ರಬ್ ಅಂದ್ರೆ ಕುಡಿಯುತ್ತಾರೆ! ನೋಡ್ತಾರೆ ಅನ್ನಲಿಕ್ಕೆ ತಶೂಫ್!"

"ಯಾ ಅಲ್ಲಾ! ಅದಕ್ಕೇ ಅವರು ಬರೀ ನೀರು ಕಳಿಸಿದ್ರೆ ಮರ್ಯಾದೆ ಅಲ್ಲ ಅಂತ ಬಾಟಲಿಯನ್ನು ಮನೆಯೊಳಗೆ ತಕೊಂಡು ಹೋಗಿ ಪನ್ನೀರು ಹಾಕಿದ್ದು!"

ನಕ್ಕು ನಕ್ಕು ಇಬ್ಬರಿಗೂ ಸುಸ್ತು. ಮಗುವಿನ ನೆನಪಾಗಿ ನನಗೆ ನಾಚಿಕೆಯೂ ಆಯಿತು. ಹೊಸ ಬಾಟಲಿ ಕೊಟ್ಟು ಅವರನ್ನು ಕೂಡಲೇ ವಾಪಸ್ ಓಡಿಸಿದೆ.

ಸಂಜೆ ಬಂದ ನೀರಿಗೆ ಯಾವ ವಾಸನೆಯೂ ಇರಲಿಲ್ಲ. "ಈ ಸಲ ತಶೂಫ್ ಅಂತಲೇ ಹೇಳಿದೆ," ಎನ್ನುತ್ತಾ ಇಬ್ರಾಹಿಂ ಜೇಬಿನಿಂದ ಚಿನ್ನದಂಚಿನ ಪುಟ್ಟ ಗ್ಲಾಸೊಂದನ್ನು ತೆಗೆದರು. "ಇದು ಅಜ್ಜಿ ಕೊಟ್ಟದ್ದು ಮೇಡಂ. ನೋಡಿ ಆದ ಮೇಲೆ ಕುಡಿಯಲಿಕ್ಕೆ."

ನೀರು ಪರೀಕ್ಷೆಗೆ ಹೋಯಿತು. ಗ್ಲಾಸಿನಲ್ಲಿ ನಾನು ಚಹಾ ಕುಡಿದೆ. ಅಜ್ಜಿ ಕೇಳಿದರೆ ಕುಡಿದೆ ಅನ್ನಬೇಕಲ್ಲ!