ಸೀಸ ತುಂಬಿದ ಚೆಂಡು

ಚೆಂಡು ಭಾವನ ಎಡಕಿವಿಯ ಪಕ್ಕದಿಂದ ಹೋಯಿತು. ಎಷ್ಟು ಪಕ್ಕದಿಂದ ಎಂದು ಆಮೇಲೆ ನೂರು ಸಲ ಅಳೆದಿದ್ದೇನೆ. ಕೆಲವೊಮ್ಮೆ ನಾಲ್ಕು ಬೆರಳು ಅನಿಸುತ್ತದೆ, ಕೆಲವೊಮ್ಮೆ ಎರಡೇ. ಗೋಲಿನ ಕಂಬವೆಂದು ಅವನ ಹಿಂದೆ ಮರಳಿನಲ್ಲಿ ಹುಗಿದಿದ್ದ ದೋಣಿಯ ಹುಟ್ಟು ಆ ಪೆಟ್ಟಿಗೆ ನಡುವಿನಲ್ಲೇ ಮುರಿದು ಬಿತ್ತು. ಅದು ಮುರಿದ ಸದ್ದು ಮಾತ್ರ ಪ್ರತಿ ಸಲವೂ ಒಂದೇ ಥರ ಕೇಳಿಸುತ್ತದೆ. ಹೊಡೆದವನು ಬೇರೆಯವನು. ‘ಹೊಡೆ’ ಎಂದವನು ನಾನು.

ಮೂವತ್ತರ ದಶಕದ ನಡುವಿನ ಮಾತು ಇದು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಕಾರವಾರದ ಒಂದು ಕಚೇರಿಗೆ ಅರ್ಜಿ ಹಾಕಿ, ಉತ್ತರ ಬರುವವರೆಗೆ ಬೇಲೆಕೇರಿಯ ಅಕ್ಕನ ಮನೆಯಲ್ಲಿದ್ದೆ. ಭಾವನದು ಒಕ್ಕಲುತನ. ಅಕ್ಕ ಆಗ ಐದು ತಿಂಗಳ ಬಸುರಿ. ಕಾಲೇಜಿನಿಂದ ನಾನು ತಂದದ್ದು ಒಂದು ಟ್ರಂಕು ಪುಸ್ತಕ, ಒಂದು ಹಾಕಿ ಕೋಲು. ಪುಸ್ತಕವನ್ನು ಯಾರೂ ಮುಟ್ಟಲಿಲ್ಲ, ಕೋಲನ್ನು ಊರಿನವರೆಲ್ಲ ಮುಟ್ಟಿದರು. ಗದ್ದೆಯ ಕೆಲಸ ಮುಗಿದಿತ್ತು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಬಿಟ್ಟ ಒದ್ದೆ ಮರಳು ಸಾರಿಸಿದ ಅಂಗಳಕ್ಕಿಂತ ಗಟ್ಟಿಯಾಗಿರುತ್ತಿತ್ತು. ಒಂದು ತಿಂಗಳಲ್ಲಿ ಹನ್ನೊಂದು ಜನ ಕೂಡಿದರು. ಹಲವರ ಕೈಯಲ್ಲಿ ಇದ್ದದ್ದು ಕಾಡಿನಿಂದ ಕಡಿದು ತಂದ ಬಾಗಿದ ಕೊಂಬೆ. ಕಾರವಾರದ ಕಚೇರಿಯವರ ತಂಡದಿಂದ ಆಟಕ್ಕೆ ಕರೆಯೂ ಬಂತು.

ಗೋಲಿನಲ್ಲಿ ನಿಲ್ಲುತ್ತಿದ್ದವನು ಭಾವ. ಕಾಲಿಗೆ ತೆಂಗಿನ ನಾರು ತುಂಬಿದ ಗೋಣಿಪಟ್ಟಿ ಕಟ್ಟಿಕೊಂಡು, ಬರುವ ಚೆಂಡಿಗೂ ಹೊಡೆಯುವವನಿಗೂ ಬೈಯುತ್ತ ನಿಲ್ಲುತ್ತಿದ್ದ. ಹೊಡೆಯುವುದರಲ್ಲಿ ನಾನು ನಂಬಿದ್ದು ಒಬ್ಬನನ್ನೇ. ಅವನು ದಂಡೆಯಲ್ಲಿ ರಂಪಣಿ ಬಲೆ ಎಳೆಯುವವನು, ಮಳೆಗಾಲದಲ್ಲಿ ಭಾವನ ಗದ್ದೆಗೆ ಆಳಾಗಿ ಬರುವವನು, ನನಗಿಂತ ಹತ್ತು ವರ್ಷಕ್ಕೆ ಹಿರಿಯ. ಅವನು ಹೊಡೆದರೆ ಚೆಂಡು ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಅದು ನೆಲದ ಮೇಲೆ ಹೋಗುವ ಬದಲು ಎದ್ದು, ಗೋಲು ದಾಟಿ, ಗಾಳಿಮರದ ತೋಪಿನೊಳಗೆ ಬೀಳುತ್ತಿತ್ತು.

ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಅವನಿಗೆ ಹೇಳಿಕೊಟ್ಟೆ. ಎರಡೂ ಕೈ ಕೋಲಿನ ತುದಿಯಲ್ಲಿ ಒಂದಕ್ಕೊಂದು ತಾಗಿರಬೇಕು. ಮೇಲಿನದು ಎಡಗೈ, ದಾರಿ ತೋರಿಸುವುದು ಅದು. ಚೆಂಡು ಎಡಪಾದದ ನೇರಕ್ಕಿರಬೇಕು. ಮೈಭಾರ ಬಲಗಾಲಿನಿಂದ ಎಡಗಾಲಿಗೆ ಬರುವ ಗಳಿಗೆಯಲ್ಲೇ ಪೆಟ್ಟು ಬೀಳಬೇಕು. ತಲೆ ಚೆಂಡಿನ ಮೇಲೆ ಬಾಗಿರಬೇಕು, ಹಿಂದಕ್ಕೆ ವಾಲಿದರೆ ಕೋಲಿನ ತುದಿ ಚೆಂಡಿನ ಅಡಿಗೆ ಹೊಕ್ಕು ಅದನ್ನು ಎತ್ತಿಬಿಡುತ್ತದೆ. ಎಲ್ಲವನ್ನೂ ಅವನು ಎರಡೇ ದಿನದಲ್ಲಿ ಕಲಿತ, ಕೊನೆಯದೊಂದನ್ನು ಬಿಟ್ಟು. ಹದಿನೈದು ವರ್ಷ ರಂಪಣಿಯ ಹಗ್ಗ ಹಿಡಿದು, ಹಿಮ್ಮಡಿ ಮರಳಿಗೆ ಊರಿ, ಹಿಂದಕ್ಕೆ ವಾಲಿ ಬಲ ಹಾಕಿದ ಮೈ ಅದು.

“ಬಾಗು ಅಂದ್ರೆ ಬಾಗ್ತೆ ಸಣ್ಣ ಒಡೇರೆ. ಬಲ ಹಾಕೂಕೆ ಹೋದ್ರೆ ಮೈ ತಂತಾನೇ ಹಿಂದೆ ಹೋಗ್ತದೆ. ಎಂತ ಮಾಡೂದು?”

ಗೋಲಿನಿಂದ ಭಾವ ಕೂಗಿದ: “ಅವನ ಬೆನ್ನಿಗೊಂದು ಗೂಟ ಕಟ್ಟು ಬಿ.ಎ. ಭಾವಾ! ಇಲ್ಲಾಂದ್ರೆ ಗೋಲನ್ನೇ ತಕಂಡು ಹೋಗಿ ಗಾಳಿಮರದ ತುದಿಗೆ ಕಟ್ಟು!”

ನಾನು ಅವನಿಗೆ ಭಾವನಲ್ಲ, ಹೆಂಡತಿಯ ತಮ್ಮ. ಆದರೆ ಬಿ.ಎ. ಆದಂದಿನಿಂದ ಅವನು ನನ್ನನ್ನು ಹಾಗೆಯೇ ಕರೆಯುತ್ತಿದ್ದ.

ಉಪಾಯ ತೆಗೆದವನು ಬಲೆ ಎಳೆಯುವವನೇ. “ಬೀಸುಬಲೆ ತಳಕ್ಕೆ ಹೋಗೂದು ಎಂತಕೆ? ಅಂಚಿಗೆ ಸೀಸದ ಗುಂಡು ಅದೆ, ಅದ್ಕೆ. ಚೆಂಡಿನ ಹೊಟ್ಟಿಗೂ ಸೀಸ ಹಾಕ್ವ. ಆಗ ಹ್ಯಾಂಗೆ ಏಳ್ತದೆ ನೋಡ್ವ.”

ನೀರಿನಲ್ಲಿ ಮುಳುಗುವ ಬಲೆಗೂ ಮರಳಿನ ಮೇಲೆ ಓಡುವ ಚೆಂಡಿಗೂ ಎಲ್ಲಿಯ ಸಂಬಂಧ ಎಂದು ಓದಿದವನಾದ ನಾನು ಕೇಳಬೇಕಿತ್ತು. ಕೇಳಲಿಲ್ಲ. ಬದಲಾಗಿ ಗುರುತ್ವಾಕರ್ಷಣೆಯ ಬಗ್ಗೆ ನಾಲ್ಕು ಮಾತು ಸೇರಿಸಿ ಅವನ ಉಪಾಯಕ್ಕೆ ನನ್ನ ಒಪ್ಪಿಗೆಯ ಮುದ್ರೆ ಒತ್ತಿದೆ. ಭಾರದ ಚೆಂಡಿನಿಂದ ಮಣಿಕಟ್ಟಿಗೂ ಬಲ ಬರುತ್ತದೆ ಎಂದೆ. ಸುಂಕಸಾಳದ ಬಡಗಿಯೊಬ್ಬನಿಂದ ಬಿದಿರಿನ ಬೇರಿನಲ್ಲಿ ಮಾಡಿಸಿದ ಎರಡು ಚೆಂಡು ನಮ್ಮಲ್ಲಿದ್ದವು. ಒಂದಕ್ಕೆ ತೂತು ಕೊರೆದು, ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿ ಹೊಯ್ದು, ಮೇಲೆ ಮರದ ಬೆಣೆ ಹೊಡೆದು, ಎರಡಕ್ಕೂ ಸುಣ್ಣ ಬಳಿದೆವು. ಭಾವನಿಗೆ ಹೇಳಲಿಲ್ಲ. ಹೇಳಿದ್ದರೆ ಊರೆಲ್ಲ ಸಾರಿ ನಗಾಡುತ್ತಿದ್ದ. ಅಭ್ಯಾಸ ಮಾತ್ರ ನಮ್ಮಿಬ್ಬರದೇ, ಗೋಲಿನಲ್ಲಿ ಯಾರೂ ಇಲ್ಲದಾಗ.

ಹನ್ನೆರಡು ದಿನ ಹೊಡೆದ. ಹಿಂದಕ್ಕೆ ವಾಲಿದರೆ ಆ ಚೆಂಡು ಮಿಸುಕುತ್ತಲೇ ಇರಲಿಲ್ಲ. ಬಾಗಲೇಬೇಕಾಯಿತು. ನನ್ನ ಮಾತಿನಿಂದ ಆಗದ್ದು ಸೀಸದಿಂದ ಆಯಿತು. ಹನ್ನೆರಡು ದಿನದಲ್ಲಿ ಒಮ್ಮೆಯೂ ಚೆಂಡು ಮೊಣಕಾಲಿನ ಮೇಲೆ ಬರಲಿಲ್ಲ. ನಾನು ಉಬ್ಬಿದೆ.

ಹದಿಮೂರನೆಯ ದಿನ ಭಾವ ದಂಡೆಗೆ ಬೇಗ ಬಂದ. ಗೋಣಿಪಟ್ಟಿ ಕಟ್ಟಿಕೊಳ್ಳುತ್ತಲೇ ಗೋಲಿಗೆ ನಡೆದು, ಎರಡು ಹುಟ್ಟುಗಳ ನಡುವೆ, ಎಡಗಡೆಯದಕ್ಕೆ ಒತ್ತಿ ತುಸು ಮುಂದೆ ನಿಂತ. “ಎಂತ ಗುಟ್ಟಿನ ಪಾಠ ನಡಸ್ತ್ರಿ ಇಬ್ರೂ? ಹೊಡೀರಿ ನೋಡ್ವ. ಭರತಿ ಏರ್ತಾ ಅದೆ, ಲಗೂ!”

ನೀರು ನಿಜಕ್ಕೂ ಏರುತ್ತಿತ್ತು. ಹಗುರ ಚೆಂಡು ಇಪ್ಪತ್ತು ಮಾರು ದೂರದ ಚೀಲದಲ್ಲಿತ್ತು. ಭಾರದ್ದು ಬಲೆ ಎಳೆಯುವವನ ಕಾಲಬಳಿ. ಅವನು ನನ್ನ ಮುಖ ನೋಡಿದ. ಆ ನೋಟ ಈಗಲೂ ನನಗೆ ಅರ್ಥವಾಗುತ್ತದೆ, ಆಗಲೂ ಆಗಿತ್ತು. ಇದನ್ನೇ ಹೊಡೆಯಲೇ ಎಂಬ ಪ್ರಶ್ನೆ ಅದು. ಹನ್ನೆರಡು ದಿನ ಏಳದ ಚೆಂಡು ಇವತ್ತು ಏಳುತ್ತದೆಯೇ ಎಂದುಕೊಂಡೆ. ಭಾವನಿಗೆ ನಮ್ಮ ಕಸಬು ತೋರಿಸಬೇಕೆಂಬ ಆಸೆ ಬೇರೆ.

“ಒಂದೇ ಒಂದು. ಹೊಡೆ” ಎಂದೆ.

ಅವನು ಸರಿಯಾಗಿಯೇ ಹೊಡೆದ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಎಡಪಾದ, ಭುಜ, ಬಾಗಿದ ತಲೆ, ಎಲ್ಲ ಸರಿಯಿತ್ತು. ಚೆಂಡು ಹತ್ತು ಮಾರು ನೆಲ ಬಿಡದೆ ಓಡಿತು. ಅಲ್ಲೊಂದು ಏಡಿ ತೋಡಿ ಹಾಕಿದ ಮರಳಿನ ಗುಪ್ಪೆಯಿತ್ತು, ಬೊಗಸೆಯಷ್ಟು. ಚೆಂಡು ಅದಕ್ಕೆ ತಾಗಿ ಎದ್ದಿತು. ಭಾವ ಕಾಲು ಜೋಡಿಸಿ, ಕೆಳಗೆ ಬರುವ ಚೆಂಡಿಗೆ ಕಾಯುತ್ತ ಬಾಗಿದ್ದ. ಕೂಗಲು ಬಾಯಿ ತೆರೆದೆ. ಆಮೇಲೆ ಹುಟ್ಟು ಮುರಿದ ಸದ್ದು.

ಭಾವ ಹಿಂತಿರುಗಿ ನೋಡಿ ನಕ್ಕ. “ಹೋಯ್, ನನ್ನ ಹುಟ್ಟು ಮುರದ್ರಲ್ಲೋ! ಗೆದ್ದಲು ತಿಂದಿತ್ತು ಕಾಣ್ತದೆ.”

ಅದು ಹೋದ ವರ್ಷವಷ್ಟೇ ಮಾಡಿಸಿದ ಹುಟ್ಟು. ಬಲೆ ಎಳೆಯುವವನು ಓಡಿಹೋಗಿ ಚೆಂಡನ್ನು ಎತ್ತಿ ಪಂಚೆಯಲ್ಲಿ ಸುತ್ತಿಕೊಂಡ. ನನ್ನ ಪಕ್ಕದಿಂದ ಹೋಗುವಾಗ ಅದನ್ನು ನನ್ನ ಕೈಗೆ ತುರುಕಿ ಹೇಳಿದ: “ನಾ ಇನ್ನು ಹೊಡೂದಿಲ್ಲ. ಅಮ್ಮೋರ ಮೊಕ ಹ್ಯಾಂಗೆ ನೋಡ್ಲಿ?” ಅಮ್ಮೋರು ಎಂದರೆ ನನ್ನ ಅಕ್ಕ.

ಮಾರನೆಯ ಮಧ್ಯಾಹ್ನ ಕೋಣೆಯ ನೆಲದ ಮೇಲೆ ಆ ಚೆಂಡನ್ನು ಉರುಳಿಸಿ ನೋಡಿದೆ. ಅದು ತಡವರಿಸುತ್ತ ಉರುಳಿ, ಪ್ರತಿ ಸಲವೂ ಬೆಣೆ ಹೊಡೆದ ಬದಿಯನ್ನೇ ಕೆಳಗೆ ಮಾಡಿ ನಿಂತಿತು. ಸೀಸ ನಡುವಿನಲ್ಲಿ ಇರಲೇ ಇಲ್ಲ, ಒಂದು ಬದಿಗೆ ಕೂತಿತ್ತು. ಹನ್ನೆರಡು ದಿನವೂ ಅದು ಏಳಬಹುದಾಗಿತ್ತು. ಏಳದಿದ್ದದ್ದು ನಮ್ಮ ಕಸಬಿನಿಂದಲ್ಲ. ಅದನ್ನು ತಿಳಿದಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಜಗಲಿಗೆ ಹೋದೆ, ಬಾವಿಗೆ ಹೋದೆ, ದಂಡೆಗೆ ಹೋಗಿ ತಿರುಗಿ ಬಂದೆ. ಅಕ್ಕ ಗಂಜಿ ಬಡಿಸಿದರೆ ಭಾವನ ಎಡಕಿವಿಯ ಮೇಲಿನ ಜಾಗ ಕಾಣುತ್ತಿತ್ತು. ಕೂದಲ ಅಡಿಯಲ್ಲಿ ಸಣ್ಣ ನರವೊಂದು ಅಗಿಯುವಾಗ ಮಿಡಿಯುವ ಜಾಗ ಅದು.

“ಊಟಾ ಬಿಟ್ಟು ನನ್ನ ಮೊಕ ಎಂತಕೆ ನೋಡ್ತೆ ಬಿ.ಎ. ಭಾವಾ? ನಾ ಅಷ್ಟು ಚಂದ ಇದ್ನಾ?” ಎಂದ ಭಾವ. ಅಕ್ಕ ನಕ್ಕಳು. ನಾನೂ ನಗಬೇಕಾಯಿತು.

ನಾಲ್ಕನೆಯ ದಿನ ಸರ್ವಿಸ್ ಮೋಟಾರಿನಲ್ಲಿ ಕಾರವಾರಕ್ಕೆ ಹೋದೆವು. ಜನ ಸಾಲದೆಂದು ಕೈಮುಗಿದು ಬಲೆ ಎಳೆಯುವವನನ್ನೂ ಕರೆದೊಯ್ದಿದ್ದೆ. ಅವನು ಬಂದ, ಆದರೆ ಹೊಡೆಯಲಿಲ್ಲ. ಗೋಲಿನ ಎದುರು ಚೆಂಡು ಸಿಕ್ಕಾಗಲೆಲ್ಲ ಕೋಲನ್ನು ನೆಲಕ್ಕೆ ಒತ್ತಿ ಮೆಲ್ಲಗೆ ನೂಕಿದ.

“ಹೊಡಿಯೋ ಮಾರಾಯಾ, ತೊಟ್ಟಿಲು ತೂಗ್ಬೇಡ!” ಎಂದು ಸುತ್ತ ನಿಂತ ಜನ ಹೋ ಎಂದರು.

ನನ್ನ ಅವಸ್ಥೆ ಇನ್ನೂ ಕಡೆ. ಎದುರಿನವರು ಕೋಲೆತ್ತಿದ ಕೂಡಲೇ ನನ್ನ ಜಾಗ ಬಿಟ್ಟು ಭಾವನ ಕಡೆಗೆ ಓಡುತ್ತಿದ್ದೆ. ಎರಡು ಸಲ ಅವನಿಗೇ ಡಿಕ್ಕಿ ಹೊಡೆದೆ. ಮೂರು ಗೋಲಿನಿಂದ ಸೋತೆವು.

ತಿರುಗಿ ಬರುವಾಗ ಮೋಟಾರು ಅರ್ಗಾದಲ್ಲಿ ನೀರು ಹಾಕಿಸಿಕೊಳ್ಳಲು ನಿಂತಿತು. ಇಳಿದು ನಿಂತಾಗ ಭಾವ ನನ್ನ ಪಕ್ಕ ಬಂದ. “ಅವ ಹೊಡೂದಿಲ್ಲ, ನೀ ಓಡೂದು ಬಿಡೂದಿಲ್ಲ. ಎಂತ ಆಗದೆ ಹೇಳು.”

ಹೇಳಿದೆ. ಸೀಸ, ಬೆಣೆ, ಏಡಿಯ ಗುಪ್ಪೆ, ‘ಹೊಡೆ’ ಎಂದದ್ದು, ಎಲ್ಲ. ಅವನು ಬೈಯಲಿಲ್ಲ. ಕೈ ತಂತಾನೇ ಎಡಕಿವಿಗೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ಇತ್ತು.

ಮರುದಿನ ಇಳಿತದ ಹೊತ್ತಿಗೆ ನನ್ನನ್ನು ದಂಡೆಗೆ ಕರೆದೊಯ್ದ. ಹಗುರ ಚೆಂಡನ್ನೇ ತಂದಿದ್ದ, ನನ್ನ ಕೈಗೆ ಕೊಟ್ಟು ತೂಕ ನೋಡಿಸಿದ. ಆಮೇಲೆ ಗೋಣಿಪಟ್ಟಿ ನನ್ನ ಕಾಲಿಗೆ ತಾನೇ ಕಟ್ಟಿದ.

“ನಿಲ್ಲು ಅಲ್ಲಿ. ನಾ ಹೊಡೀತೆ.”

ನಾನು ಯಾವತ್ತೂ ಗೋಲಿನಲ್ಲಿ ನಿಂತವನಲ್ಲ. ಹೊಡೆತವನ್ನು ಪಕ್ಕದಿಂದ, ಹಿಂದಿನಿಂದ ನೋಡಿ ಕಲಿಸಿದವನು. ಎದುರಿನಿಂದ ಪಾದ ಕಾಣುವುದಿಲ್ಲ, ಮಣಿಕಟ್ಟು ಕಾಣುವುದಿಲ್ಲ. ನನಗೆ ಕಂಡದ್ದು ಭುಜಗಳು ಮಾತ್ರ. ಅವು ತಿರುಗಿದವು. ಕೋಲು ಹಿಂದೆ ಹೋಗಿ ಕೆಳಗೆ ಬಂತು. ಚೆಂಡಿಗೆ ಒಂದು ಗೇಣು ಉಳಿದಾಗ ಭಾವ ಅದನ್ನು ತಡೆದು ನಿಲ್ಲಿಸಿದ. ನಾನು ಅಷ್ಟರಲ್ಲಿ ತಲೆ ಮುಚ್ಚಿಕೊಂಡು ಮರಳಿನ ಮೇಲೆ ಬಿದ್ದಿದ್ದೆ.

ಭಾವ ನಗಲಿಲ್ಲ. ಹತ್ತಿರ ಬಂದು, ಕೈ ಕೊಟ್ಟು ಎಬ್ಬಿಸಿದ. “ನಿಂಗೆ ಹೆದರೂಕೆ ಆದ್ರೂ ಬಿಟ್ಟೆ ನಾ. ನಾ ಆವತ್ತು ಹೆದರ್ಲೂ ಇಲ್ಲ, ಗೊತ್ತೇ ಇರ್ಲಿಲ್ಲ ನಂಗೆ. ಅದೇ ಸಿಟ್ಟು. ಮನಿಗೆ ನಡಿ. ನಿನ್ನ ಅಕ್ಕಂಗೆ ನೀನೇ ಹೇಳು. ನಾ ಹೇಳೂದಿಲ್ಲ.”

‘ಬಿ.ಎ. ಭಾವಾ’ ಎನ್ನಲಿಲ್ಲ. ಮುಂದೆಂದೂ ಅನ್ನಲಿಲ್ಲ.

ಅಕ್ಕ ಹಿತ್ತಿಲ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವಳ ಬೆರಳು ನಿಲ್ಲಲಿಲ್ಲ. ಕಲ್ಲು ಹುಡುಕುತ್ತಲೇ ಇದ್ದವು. ಎಲ್ಲ ಮುಗಿದಮೇಲೆ ಕೇಳಿದಳು:

“ಯಾವ ಬದಿ ತಮಾ?”

“ಎಡಬದಿ.”

ಮೊರ ಕೆಳಗಿಟ್ಟಳು. ಒಂದು ಕೈ ನೆಲಕ್ಕೂ ಒಂದು ಕೈ ಬೆನ್ನಿಗೂ ಊರಿ ಎದ್ದಳು. ಭಾವ ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದ. ಅವಳು ಹೋಗಿ ಅವನ ಎಡಬದಿಗೆ ನಿಂತಳು. ಅಷ್ಟೆ, ನಿಂತಳು.

“ಎಂತದೇ?” ಎಂದ ಅವನು, ತಿರುಗದೆ.

“ಎಂತ ಇಲ್ಲ. ನೀವು ಕಾಲು ತೊಳೀರಿ.”

ಕೊಡದಲ್ಲಿ ನೀರು ಮುಗಿದಿತ್ತು. ಆದರೂ ಇಬ್ಬರೂ ಅಲ್ಲೇ ಇದ್ದರು. ಅವರನ್ನು ದಾಟಿ ಹೊರಗೆ ಹೋಗಲೂ ಆಗದೆ, ಒಳಗೆ ಹೋಗಲೂ ಆಗದೆ ನಾನು ಅಕ್ಕಿಯ ಮೊರದ ಮುಂದೆ ಕೂತೆ. ಆರಿಸಲು ನೋಡಿದೆ. ಕಲ್ಲು ಯಾವುದು, ಅಕ್ಕಿ ಯಾವುದು, ಒಂದೂ ಗೊತ್ತಾಗಲಿಲ್ಲ.